ಕೈಲಾಸಕ್ಕೆ ಹೊರಟವರ ಕೈಗೆ ಬೈಲುಕುಪ್ಪೆಯ ಒಂದು ಪೊಟ್ಟಣ: ಒಯ್ಯಬಹುದೇ, ಒಯ್ಯಬಾರದೇ?

ಕುಶಾಲನಗರದ ಓದುಗ:

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ತಿಂಗಳಲ್ಲಿ ನಮ್ಮ ಬಂಧುಬಳಗದ ಹನ್ನೊಂದು ಮಂದಿ ಖಾಸಗಿ ಪ್ರವಾಸ ಸಂಸ್ಥೆಯೊಂದರ ಮೂಲಕ ಕೈಲಾಸ ಮಾನಸ ಸರೋವರ ಯಾತ್ರೆಗೆ ಹೊರಡುವವರಿದ್ದೇವೆ. ಕಠ್ಮಂಡುವಿನಿಂದ ರಸ್ತೆಯಲ್ಲಿ ಗಡಿಯಾಚೆ ಟಿಬೆಟ್ಟಿನ ಕೆರುಂಗ್ ತಲುಪಿ ಅಲ್ಲಿ ಒಂದು ರಾತ್ರಿ, ಮರುದಿನ ಸಾಗಾ, ಅದರ ಮರುದಿನ ಮಾನಸ ಸರೋವರ, ಆಮೇಲೆ ಕೈಲಾಸದ ಬುಡದ ದಾರ್ಚೆನ್‌ನಿಂದ ಮೂರು ದಿನಗಳ ಪರಿಕ್ರಮ, ಹಿಂದಿರುಗುವಾಗ ಶಿಗಾತ್ಸೆ ಮತ್ತು ಲ್ಹಾಸಾ ನೋಡಿಕೊಂಡು ವಿಮಾನದಲ್ಲಿ ಕಠ್ಮಂಡು ಎಂಬುದು ಸಂಸ್ಥೆಯವರು ಕೊಟ್ಟಿರುವ ಕಾರ್ಯಕ್ರಮ. ಗುಂಪಿನಲ್ಲಿ ಹಿರಿಯರು ನನ್ನ ಮಾವನವರು. ಅವರಿಗೆ ಅರವತ್ತೇಳು ವರ್ಷ, ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋಗಿಬಂದವರು ಆರೋಗ್ಯದ ಬಗ್ಗೆಯೂ ಅಲ್ಲಿಯ ರೀತಿನೀತಿಗಳ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ.

ಇನ್ನೊಂದು ವಿಷಯವನ್ನು ಕೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಅಂಗಡಿಗೆ ಬೈಲುಕುಪ್ಪೆಯ ಒಂದನೆಯ ಶಿಬಿರದಿಂದ ಇಪ್ಪತ್ತು ವರ್ಷಗಳಿಂದ ಬರುತ್ತಿರುವ ಟಿಬೆಟನ್ ಅಜ್ಜಿಯೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಅಮಾಲಾ ಎಂದೇ ಕರೆಯುವುದು. ನಾವು ಹೋಗುವ ಸುದ್ದಿ ಕೇಳಿ ಅವರು ಒಂದು ಚಿಕ್ಕ ಪೊಟ್ಟಣ ತಂದುಕೊಟ್ಟರು. ಅದರಲ್ಲಿ ಗುರುಗಳು ಗಂಟು ಹಾಕಿ ಹರಸಿದ ಕೆಂಪು ದಾರ, ಅಮಾಲಾ ಅವರದೇ ಒಂದು ಭಾವಚಿತ್ರ ಮತ್ತು ನಾಲ್ಕೈದು ಸಾಲಿನ ಒಂದು ಪತ್ರ ಇವೆ. ಶಿಗಾತ್ಸೆಯ ಹತ್ತಿರದ ಹಳ್ಳಿಯಲ್ಲಿರುವ ತಂಗಿಯ ಮನೆಯವರಿಗೆ ಅದನ್ನು ತಲುಪಿಸಬೇಕಂತೆ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇದರಲ್ಲಿ ತೊಂದರೆಯೇನಾದರೂ ಇದೆಯೇ?

ಧಾರವಾಡದ ನಿವೃತ್ತ ಶಿಕ್ಷಕಿ:

ನಾನು ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಯಲ್ಲಿ 2016ರಲ್ಲಿ ಉತ್ತರಾಖಂಡದ ಲಿಪುಲೇಖ್ ಮಾರ್ಗವಾಗಿ ಹೋಗಿ ಬಂದವಳು. ಆ ಯಾತ್ರೆ 2020ರಲ್ಲಿ ನಿಂತು 2025ರಲ್ಲಿ ಮತ್ತೆ ಆರಂಭವಾಯಿತು. ಸರ್ಕಾರಿ ಯಾತ್ರೆಗೂ ಖಾಸಗಿ ಯಾತ್ರೆಗೂ ಇರುವ ದೊಡ್ಡ ವ್ಯತ್ಯಾಸ ಊಟ, ವಸತಿಯಲ್ಲಿಲ್ಲ, ವೈದ್ಯಕೀಯ ತಪಾಸಣೆಯಲ್ಲಿದೆ. ನಮಗೆ ದೆಹಲಿಯಲ್ಲಿ ಒಮ್ಮೆ ತಪಾಸಣೆಯಾಯಿತು. ಆಮೇಲೆ ಹತ್ತು ಸಾವಿರ ಅಡಿ ದಾಟಿ ಗುಂಜಿ ತಲುಪಿದಾಗ ಐಟಿಬಿಪಿಯ, ಅಂದರೆ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ವೈದ್ಯರು ಇನ್ನೊಮ್ಮೆ ಪರೀಕ್ಷಿಸಿದರು. ದೆಹಲಿಯಲ್ಲಿ ಸರಿಯಾಗಿದ್ದ ನಮ್ಮ ತಂಡದ ಒಬ್ಬರ ರಕ್ತದೊತ್ತಡ ಗುಂಜಿಯಲ್ಲಿ ಎಷ್ಟು ಹೊತ್ತು ಕಾದರೂ ಇಳಿಯಲಿಲ್ಲ, ಅವರನ್ನು ಅಲ್ಲಿಂದಲೇ ಹಿಂದಕ್ಕೆ ಕಳುಹಿಸಿದರು. ಅವರು ಅತ್ತರು, ನಾವೂ ಅತ್ತೆವು. ಪರಿಕ್ರಮದ ಅತಿ ಎತ್ತರದ ತಾಣವಾದ ಡ್ರೋಲ್ಮಾ ಕಣಿವೆ ಹತ್ತುವಾಗ, ಅವರನ್ನು ಕಳುಹಿಸಿದ್ದು ಎಷ್ಟು ಸರಿ ಎಂಬುದು ನನಗೆ ಅರ್ಥವಾಯಿತು. ನೀವು ಹೋಗುವ ಮಾರ್ಗದಲ್ಲಿ ಹಾಗೆ ತಡೆದು ನಿಲ್ಲಿಸುವವರು ಯಾರೂ ಇರುವುದಿಲ್ಲವಾದ್ದರಿಂದ ಆ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು.

ಪೊಟ್ಟಣದ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಹೇಳಲಿ.

ಮಂಗಳೂರಿನ ವೈದ್ಯ:

ಕುಶಾಲನಗರದವರು ಕೊಟ್ಟಿರುವ ಕಾರ್ಯಕ್ರಮವನ್ನು ಓದಿದಾಗ ನನ್ನ ಕಣ್ಣು ನಿಂತದ್ದು ಒಂದೇ ಕಡೆ. ಕೆರುಂಗ್ ಸುಮಾರು 2,800 ಮೀಟರ್ ಎತ್ತರದಲ್ಲಿದೆ, ಸಾಗಾ ಸುಮಾರು 4,500 ಮೀಟರ್. ಒಂದೇ ಹಗಲಿನಲ್ಲಿ, ಬಸ್ಸಿನಲ್ಲಿ ಕುಳಿತಲ್ಲೇ, 1,700 ಮೀಟರ್ ಏರಿಬಿಡುತ್ತೀರಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ತಂಗಬೇಕು ಎಂಬುದು ಎತ್ತರದ ಕಾಯಿಲೆಯ ಕುರಿತ ಮೂಲ ನಿಯಮ. ಆ ರಸ್ತೆಯಲ್ಲಿ ಈ ನಿಯಮವನ್ನು ಅಕ್ಷರಶಃ ಪಾಲಿಸುವುದು ಕಷ್ಟವೆಂದು ನಾನೂ ಬಲ್ಲೆ. ಆದರೆ ಕೆರುಂಗ್‌ನಲ್ಲಿ ಎರಡು ರಾತ್ರಿ ಇದ್ದು, ಎರಡನೆಯ ದಿನ ಊರಿನ ಮೇಲಿನ ಗುಡ್ಡಕ್ಕೆ ನಿಧಾನವಾಗಿ ಹತ್ತಿ ಇಳಿಯುವುದು ಸಾಧ್ಯವಿದೆ. ಆ ಒಂದು ಹೆಚ್ಚುವರಿ ರಾತ್ರಿಯ ಹಣವನ್ನು ಉಳಿಸಲು ಹೋಗಬೇಡಿ. ದೇಹದ ಕಸರತ್ತು, ದಿನಾ ಐದು ಕಿಲೋಮೀಟರ್ ನಡಿಗೆ ಎಲ್ಲ ಒಳ್ಳೆಯದೇ, ಆದರೆ ಅವು ಯಾರನ್ನೂ ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಗಟ್ಟಿಮುಟ್ಟಾದ ಯುವಕರು ಅವಸರದಲ್ಲಿ ಏರಿ ಮಲಗಿಬಿಟ್ಟದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಏರಿದ ಕೆಲವು ಗಂಟೆಗಳಲ್ಲಿ ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಕಾಣಿಸಿಕೊಂಡರೆ ಅದು ಎತ್ತರದ ಕಾಯಿಲೆಯೇ ಎಂದು ತಿಳಿದು ಅಲ್ಲೇ ನಿಲ್ಲಬೇಕು. ‘ಬಸ್ಸಿನ ಕುಲುಕಾಟ’, ‘ಪಿತ್ತ’ ಎಂದು ನಮ್ಮ ಹಿರಿಯರು ಅದಕ್ಕೆ ಬೇರೆ ಹೆಸರು ಕೊಡುತ್ತಾರೆ, ಏಕೆಂದರೆ ಹೇಳಿದರೆ ಎಲ್ಲಿ ಹಿಂದಕ್ಕೆ ಕಳುಹಿಸುತ್ತಾರೋ ಎಂಬ ಭಯ. ಸುಮ್ಮನೆ ಕುಳಿತಿದ್ದಾಗಲೂ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಕಾಣಿಸಿದರೆ ನೀರು ಶ್ವಾಸಕೋಶಕ್ಕೆ ಇಳಿದಿದೆ. ಮಾತು ತೊದಲಿದರೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ ಮಿದುಳು ಊದಿಕೊಂಡಿದೆ. ಈ ಎರಡರಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಕೆಳಗಿಳಿಸಬೇಕು. ಆಮ್ಲಜನಕದ ಸಿಲಿಂಡರು, ಚುಚ್ಚುಮದ್ದು ಎಲ್ಲ ಇಳಿಯುವ ದಾರಿಯಲ್ಲಿ ಜೀವ ಹಿಡಿದಿಡಲು ಮಾತ್ರ. ನೇಪಾಳದ ಹೆಲಿಕಾಪ್ಟರು ಗಡಿ ದಾಟಿ ನಿಮ್ಮನ್ನು ಎತ್ತಿಕೊಳ್ಳಲು ಬರುವುದಿಲ್ಲ. ಟಿಬೆಟ್ಟಿನೊಳಗೆ ಇಳಿಸುವುದೆಂದರೆ ಜೀಪಿನಲ್ಲಿ, ರಸ್ತೆಯಲ್ಲಿ, ಗಂಟೆಗಟ್ಟಲೆ.

ಅಸೆಟಜೋಲಮೈಡ್, ಅಂದರೆ ಡಯಾಮಾಕ್ಸ್ ಮಾತ್ರೆಯನ್ನು ಏರುವ ಹಿಂದಿನ ದಿನದಿಂದ 125 ಮಿಲಿಗ್ರಾಮಿನಂತೆ ದಿನಕ್ಕೆರಡು ಸಲ ಕೊಡುವುದು ರೂಢಿ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚಾಗುತ್ತದೆ. ಸಲ್ಫಾ ಔಷಧಿ ಆಗದವರು, ಮೂತ್ರಪಿಂಡದ ತೊಂದರೆಯಿರುವವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ನಿಮ್ಮ ಮಾವನವರಿಗೆ ಹೃದಯದ ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದ ಮೇಲೆಯೇ ಮುಂದಿನ ಮಾತು. ಚಳಿಯಲ್ಲಿ ಸಕ್ಕರೆ ಅಳೆಯುವ ಯಂತ್ರ ತಪ್ಪು ಲೆಕ್ಕ ತೋರಿಸಬಹುದಾದ್ದರಿಂದ ಅದನ್ನು ಒಳಜೇಬಿನಲ್ಲಿ, ಮೈಬಿಸಿಯಲ್ಲಿ ಇಟ್ಟುಕೊಳ್ಳಬೇಕು.

ಮುಂಡಗೋಡಿನವ:

ಪೊಟ್ಟಣದ ವಿಷಯವನ್ನು ನಾನು ಹೇಳುತ್ತೇನೆ. ನಮ್ಮೂರಿನ ದೋಗುಲಿಂಗ್ ಶಿಬಿರ 1966ರಲ್ಲಿ ಆದದ್ದು, ನಿಮ್ಮ ಬೈಲುಕುಪ್ಪೆಯದು ಅದಕ್ಕೂ ಹಳೆಯದು. ಡ್ರೆಪುಂಗ್, ಗಾಂಡೆನ್ ಮಠಗಳ ಪಕ್ಕದಲ್ಲೇ ನಮ್ಮ ಹೊಲವಿದೆ. ಶಾಲೆಯಲ್ಲಿ ನನ್ನ ಜೊತೆ ಓದಿದ ಟಿಬೆಟನ್ ಗೆಳೆಯರು ನನಗಿಂತ ಚೆನ್ನಾಗಿ ಉತ್ತರ ಕನ್ನಡದ ಕನ್ನಡ ಆಡುತ್ತಾರೆ. ಇಂಥ ಕೋರಿಕೆ ನಮಗೂ ಬಂದಿದೆ. ದಯವಿಟ್ಟು ಒಯ್ಯಬೇಡಿ.

ಕಾರಣ ಹೇಳುತ್ತೇನೆ. ಚೀನಾದ ಆಡಳಿತದಲ್ಲಿರುವ ಟಿಬೆಟ್ಟಿನಲ್ಲಿ ದಲೈ ಲಾಮಾ ಅವರ ಚಿತ್ರವನ್ನು ಇಟ್ಟುಕೊಳ್ಳುವುದೇ ನಿಷಿದ್ಧ. ಗಡಿಯಲ್ಲಿ ನಿಮ್ಮ ಚೀಲ, ಪುಸ್ತಕ, ಮೊಬೈಲಿನೊಳಗಿನ ಚಿತ್ರಗಳನ್ನು ತೆಗೆದು ನೋಡಬಹುದು. ಅಲ್ಲಿ ಸಿಕ್ಕಿಬಿದ್ದರೆ ನಿಮ್ಮ ಯಾತ್ರೆ ಕೆಡುತ್ತದೆ, ನಿಮ್ಮನ್ನು ಹಿಂದಕ್ಕೆ ಅಟ್ಟಬಹುದು. ಸಿಕ್ಕಿಬೀಳದೆ ಹೋದರೆ ಆಗುವುದು ಅದಕ್ಕಿಂತ ಕಷ್ಟದ್ದು. ಭಾರತದಲ್ಲಿರುವ ನಿರಾಶ್ರಿತರ ಕಡೆಯಿಂದ, ವಿದೇಶಿ ಪ್ರವಾಸಿಯ ಕೈಯಲ್ಲಿ, ಟಿಬೆಟನ್ ಅಕ್ಷರದ ಪತ್ರವೊಂದು ಹಳ್ಳಿಯ ಮನೆಯೊಂದಕ್ಕೆ ತಲುಪಿತು ಎಂದಾದರೆ ವಿಚಾರಣೆಗೆ ಕರೆಯುವುದು ಆ ಮನೆಯವರನ್ನು. ನೀವು ಆ ಹೊತ್ತಿಗೆ ಕುಶಾಲನಗರದಲ್ಲಿ ಅಂಗಡಿ ತೆರೆದಿರುತ್ತೀರಿ. ನಿಮ್ಮನ್ನು ಕರೆದೊಯ್ದ ಟಿಬೆಟನ್ ಗೈಡ್‌ನ ಪರವಾನಗಿಯೂ ಹೋಗುತ್ತದೆ. ಪ್ರವಾಸಿಗರು ಮಾಡಿದ್ದಕ್ಕೆಲ್ಲ ಉತ್ತರ ಕೊಡಬೇಕಾದವನು ಅವನೇ. ವಿದೇಶಿಯರು ಅಲ್ಲಿ ಗೈಡ್ ಇಲ್ಲದೆ ತಿರುಗುವಂತಿಲ್ಲ, ಕಾರ್ಯಕ್ರಮದಲ್ಲಿಲ್ಲದ ಹಳ್ಳಿಗೆ ಹೋಗುವಂತಿಲ್ಲ. ಆದ್ದರಿಂದ ಆ ಪೊಟ್ಟಣ ತಲುಪಿಸಲು ನೀವು ಮೊದಲು ಬೇಡುವುದು ಅವನ ಸಹಾಯವನ್ನೇ. ಅವನು ಒಪ್ಪಿದರೂ ಕಷ್ಟ, ಒಪ್ಪದೆ ಸುಮ್ಮನಿದ್ದರೂ ಕಷ್ಟ.

ಒಂದು ಮಾತು. ಅಮಾಲಾ ಕೊಟ್ಟ ಆ ಭಾವಚಿತ್ರವನ್ನು ತೆಗೆದು, ಅವರ ಹಿಂದೆ ಗೋಡೆಯ ಮೇಲೆ ಏನಿದೆ ಎಂದು ಒಮ್ಮೆ ನೋಡಿ.

ಕುಶಾಲನಗರದ ಓದುಗ:

ನೋಡಿದೆ. ಅವರ ಮನೆಯ ದೇವರ ಮೂಲೆಯ ಮುಂದೆ ತೆಗೆಸಿದ ಚಿತ್ರ. ಏಳು ನೀರಿನ ಬಟ್ಟಲು, ತುಪ್ಪದ ದೀಪ, ಮೇಲೆ ಖಾತಾ ಎಂಬ ಬಿಳಿಯ ಗೌರವದ ವಸ್ತ್ರ ಹೊದಿಸಿದ ದಲೈ ಲಾಮಾ ಅವರ ಪಟ. ಹದಿನೈದು ದಿನದಿಂದ ಈ ಪೊಟ್ಟಣ ನಮ್ಮ ಮನೆಯಲ್ಲಿದೆ, ನನಗೆ ಅದು ಕಂಡಿರಲೇ ಇಲ್ಲ. ಬೈಲುಕುಪ್ಪೆಯಲ್ಲಿ ಆ ಪಟವಿಲ್ಲದ ಅಂಗಡಿಯೇ ಇಲ್ಲವಾದ್ದರಿಂದ ನಮ್ಮ ಕಣ್ಣು ಅದನ್ನು ಗೋಡೆಯ ಬಣ್ಣದಂತೆ ದಾಟಿಹೋಗುತ್ತದೆ.

ಬೆಂಗಳೂರಿನ ಚಾರಣಿಗ:

ಇಲ್ಲಿಯವರೆಗಿನ ಚರ್ಚೆಯನ್ನು ಗೌರವದಿಂದಲೇ ಓದಿದ್ದೇನೆ, ಆದರೂ ನನ್ನದೊಂದು ಆಕ್ಷೇಪವಿದೆ. ಒಬ್ಬ ಮುದುಕಿ ತನ್ನ ತಂಗಿಗೆ ದಾರ ಕಳುಹಿಸುವುದು ಅಪರಾಧವೆನ್ನುವ ಆಡಳಿತದ ಮುಂದೆ ನಾವು ಇಷ್ಟು ಬಗ್ಗಿ ನಡೆಯುವುದನ್ನು ‘ಸ್ಥಳೀಯ ಸಂಸ್ಕೃತಿಗೆ ಗೌರವ’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ಸ್ಥಳೀಯರ ಸಂಸ್ಕೃತಿಯಲ್ಲ, ಆಳುವವರ ಕಾನೂನು. ಅಲ್ಲಿಗೆ ಹೋಗಿ ಯಾರೊಂದಿಗೂ ಏನನ್ನೂ ಕೇಳದೆ, ಬೆಟ್ಟ ಸುತ್ತಿ, ಚಿತ್ರ ತೆಗೆದು ಬರುವುದಾದರೆ ಹೋಗದಿರುವುದೇ ಮೇಲು. ನಾನು ಹೋದರೆ ಖಂಡಿತ ಕೇಳುತ್ತೇನೆ, ಜನ ಏನೆನ್ನುತ್ತಾರೆ ಎಂದು.

ಸಿಂಗಪುರದ ಕನ್ನಡಿಗ:

ಕಾನೂನೂ ಸಂಸ್ಕೃತಿಯೂ ಒಂದೇ ಅಲ್ಲ ಎಂಬ ಮಾತು ನಿಜ. ಆದರೆ ‘ಖಂಡಿತ ಕೇಳುತ್ತೇನೆ’ ಎಂಬಲ್ಲಿ ನನ್ನ ಅನುಭವವನ್ನು ಸೇರಿಸಬಯಸುತ್ತೇನೆ. ಉದ್ಯೋಗದ ನಿಮಿತ್ತ ಚೆಂಗ್ಡುವಿನಲ್ಲಿ ಮೂರು ವರ್ಷ ಇದ್ದಾಗ ಸಿಚುವಾನ್, ಗಾನ್ಸು ಪ್ರಾಂತ್ಯಗಳ ಟಿಬೆಟನ್ ಸೀಮೆಗಳಲ್ಲಿ ತಿರುಗಾಡಿದ್ದೇನೆ. ಟಿಬೆಟ್ ಎಂದರೆ ನಕ್ಷೆಯ ಮೇಲೆ ಟಿಬೆಟ್ ಸ್ವಾಯತ್ತ ಪ್ರದೇಶವೆಂದು ಬರೆದಿರುವುದಷ್ಟೇ ಅಲ್ಲ. ಖಾಮ್, ಆಮ್ಡೊ ಎಂದು ಅವರು ಕರೆಯುವ ಪೂರ್ವದ ಸೀಮೆಗಳು ಬೇರೆ ಪ್ರಾಂತ್ಯಗಳಲ್ಲಿ ಹಂಚಿಹೋಗಿವೆ. ಇಂದಿನ ದಲೈ ಲಾಮಾ 1935ರಲ್ಲಿ ಹುಟ್ಟಿದ್ದು ಆಮ್ಡೊದಲ್ಲಿ, ಅಂದರೆ ಈಗಿನ ಚಿಂಗ್ಹಾಯ್ ಪ್ರಾಂತ್ಯದಲ್ಲಿ. ಅಲ್ಲಿಗೆಲ್ಲ ಲ್ಹಾಸಾಕ್ಕೆ ಬೇಕಾದಂಥ ವಿಶೇಷ ಪರವಾನಗಿ ಬೇಕಿಲ್ಲ, ಗೈಡ್ ಕಡ್ಡಾಯವಲ್ಲ, ಹಾಗಾಗಿ ಮನಸ್ಸು ಬಿಚ್ಚಿ ಮಾತಾಡಬಹುದು ಎಂದು ಅನಿಸಿಬಿಡುತ್ತದೆ.

ಗಾನ್ಸುವಿನ ಲಬ್ರಾಂಗ್ ಮಠ 1709ರಲ್ಲಿ ಸ್ಥಾಪನೆಯಾದದ್ದು. ಅದರ ಸುತ್ತಲಿನ ಪ್ರಾರ್ಥನಾ ಚಕ್ರಗಳ ಸಾಲು ನಡೆದಷ್ಟೂ ಮುಗಿಯುವುದಿಲ್ಲ. ಅಲ್ಲಿ ಚಹಾದಂಗಡಿಯಲ್ಲಿ ಕುಳಿತ ಯುವ ಭಿಕ್ಷುವೊಬ್ಬರು ನಾನು ಭಾರತದವನು, ಅದರಲ್ಲೂ ಕರ್ನಾಟಕದವನು ಎಂದು ತಿಳಿದೊಡನೆ ಸೆರಾ ಮಠ ಎಂದರು. ಬೈಲುಕುಪ್ಪೆ ಎಂಬ ಹೆಸರನ್ನು ನಮಗಿಂತ ಮಧುರವಾಗಿ ಉಚ್ಚರಿಸಿದರು. ನಾನು ಹಿಗ್ಗಿ ಮುಂದಿನ ಪ್ರಶ್ನೆ ಕೇಳಿದೆ. ಅವರು ಉತ್ತರಿಸದೆ ಮಗ್ಗುಲಿನ ಮೇಜಿನತ್ತ ನೋಡಿ, ಬಟ್ಟಲು ಬರಿದು ಮಾಡದೆ ಎದ್ದು ಹೋದರು. ನಾನು ಕೇಳಿದ್ದು ಏನು ಎಂದು ಇಲ್ಲಿ ಬರೆಯುವುದಿಲ್ಲ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಬಾಯಿ ಬಿಡಿಸುವ ಹಕ್ಕು ಮಾತ್ರ ನಮಗಿಲ್ಲ ಎಂದು ಆ ದಿನದಿಂದ ನಡೆದುಕೊಳ್ಳುತ್ತಿದ್ದೇನೆ.

ಶಿಗಾತ್ಸೆಗೆ ಹೋಗುವವರಿಗೆ ಇದೇ ಬಗೆಯ ಎಚ್ಚರಿಕೆ. 1447ರಲ್ಲಿ ಕಟ್ಟಿದ ಅಲ್ಲಿಯ ತಾಶಿಲ್ಹುನ್ಪೊ ಮಠ, ದಲೈ ಲಾಮಾ ಅವರ ನಂತರದ ಹಿರಿಯ ಗುರುಗಳಾದ ಪಂಚೆನ್ ಲಾಮಾಗಳ ಪೀಠ. 1995ರಲ್ಲಿ ಹೊಸ ಪಂಚೆನ್ ಲಾಮಾ ಎಂದು ದಲೈ ಲಾಮಾ ಗುರುತಿಸಿದ ಆರು ವರ್ಷದ ಬಾಲಕ ಅದೇ ವರ್ಷದಿಂದ ಸಾರ್ವಜನಿಕವಾಗಿ ಕಾಣಿಸಿಕೊಂಡಿಲ್ಲ, ಚೀನಾ ಸರ್ಕಾರ ಬೇರೊಬ್ಬರನ್ನು ಪೀಠಕ್ಕೆ ತಂದಿತು. ಈ ಹಿನ್ನೆಲೆ ತಿಳಿಯದ ಪ್ರವಾಸಿ ಅಲ್ಲಿ ನಿಂತು ‘ಈಗಿನ ಗುರುಗಳು ಯಾರು, ಎಲ್ಲಿದ್ದಾರೆ’ ಎಂದು ಸಹಜವಾಗಿ, ನಮ್ಮ ಮಠಗಳಲ್ಲಿ ಕೇಳುವಂತೆ ಕೇಳಿಬಿಡುತ್ತಾನೆ. ಗೈಡ್‌ನ ಮುಖ ನೋಡಬೇಕು ಆಗ.

ಮುಂಡಗೋಡಿನವ:

ಚಾರಣಿಗರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ನಮ್ಮೂರಿನ ಗೆಳೆಯರಿಗೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಆದರೆ ಆ ಸಿಟ್ಟನ್ನು ಹೊರಹಾಕಲು ಮುಂಡಗೋಡು, ಬೆಂಗಳೂರು, ದೆಹಲಿ ಇವೆ. ಇಲ್ಲಿ ನೀವು ಏನು ಬರೆದರೂ, ಯಾವ ಸಭೆಗೆ ಹೋದರೂ ಅದರ ಲೆಕ್ಕ ನಿಮ್ಮ ಹೆಸರಿಗೆ ಬರೆಯಲ್ಪಡುತ್ತದೆ. ಅಲ್ಲಿ ಆಡಿದ ಮಾತಿನ ಲೆಕ್ಕ ಬೇರೆಯವರ ಹೆಸರಿಗೆ ಬೀಳುತ್ತದೆ. ಊರಿಗೆ ಬಂದ ಮೇಲೂ ಗೈಡ್‌ಗೆ ಸಂದೇಶ ಕಳುಹಿಸುವಾಗ, ಅವನ ಜೊತೆಗಿನ ಚಿತ್ರವನ್ನು ರಾಜಕೀಯ ಬರಹದೊಂದಿಗೆ ಜಾಲತಾಣದಲ್ಲಿ ಹಾಕುವಾಗ ಇದನ್ನು ನೆನಪಿಡಬೇಕು.

ಬೆಂಗಳೂರಿನ ಚಾರಣಿಗ:

ಲೆಕ್ಕ ಯಾರ ಹೆಸರಿಗೆ ಬೀಳುತ್ತದೆ ಎಂಬ ಮಾತನ್ನು ಒಪ್ಪುತ್ತೇನೆ. ಹೋಗುವುದೇ ಸರಿಯೇ ಎಂಬ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ.

ಧಾರವಾಡದ ನಿವೃತ್ತ ಶಿಕ್ಷಕಿ:

ಚಾರಣಿಗರ ಪ್ರಶ್ನೆಗೆ ನನ್ನಲ್ಲಿಯೂ ಉತ್ತರವಿಲ್ಲ. ನಾನು ಹೋದೆ, ಹೋದದ್ದಕ್ಕೆ ಪಶ್ಚಾತ್ತಾಪವಿಲ್ಲ. ರೀತಿನೀತಿಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ನಮ್ಮವರು ಎಡವುವುದು ಗೊತ್ತಿಲ್ಲದ್ದರಲ್ಲಿ ಅಲ್ಲ, ಗೊತ್ತಿದೆ ಎಂದುಕೊಂಡದ್ದರಲ್ಲಿ.

ಕೈಲಾಸ ನಮಗೆ ಶಿವನ ನೆಲೆ. ಟಿಬೆಟನ್ ಬೌದ್ಧರಿಗೆ ಅದು ಕಾಂಗ್ ರಿನ್ಪೊಚೆ, ಅಂದರೆ ಹಿಮದ ರತ್ನ. ಡೆಮ್ಚೋಕ್ ಎಂಬ ದೇವತೆಯ ಮಂಡಲ. ಬೋನ್ ಧರ್ಮದವರಿಗೆ ಬೌದ್ಧಧರ್ಮ ಅಲ್ಲಿಗೆ ಬರುವ ಮೊದಲಿನಿಂದಲೂ ಪವಿತ್ರ, ಜೈನರಿಗೆ ಋಷಭನಾಥರು ಮುಕ್ತಿ ಪಡೆದ ಅಷ್ಟಾಪದ. ನಾವೂ ಬೌದ್ಧರೂ ಬಲಕ್ಕೆ ಸುತ್ತುತ್ತೇವೆ. ಬೋನ್ ಧರ್ಮದವರು ಎಡಕ್ಕೆ ಸುತ್ತುತ್ತಾರೆ. ಎದುರಿನಿಂದ ಬಂದವರನ್ನು ನೋಡಿ ನಮ್ಮ ತಂಡದ ಒಬ್ಬರು ‘ಅಪ್ರದಕ್ಷಿಣೆ ಬರುತ್ತಿದ್ದೀರಿ, ತಿರುಗಿ ಹೋಗಿ’ ಎಂದು ಕೈಸನ್ನೆ ಮಾಡಿ ತಿದ್ದಲು ಹೊರಟಿದ್ದರು. ಪಾಪ, ಆ ವೃದ್ಧರು ನಕ್ಕು, ಕೈ ಮುಗಿದು, ತಮ್ಮ ದಾರಿಯಲ್ಲೇ ಮುಂದೆ ಹೋದರು.

ಆ ಐವತ್ತೆರಡು ಕಿಲೋಮೀಟರ್ ದಾರಿಯನ್ನು ಮೈಯಳತೆಯಲ್ಲಿ, ನೆಲಕ್ಕೆ ಪೂರ್ತಿ ಮೈಚಾಚಿ ಎದ್ದು, ಮತ್ತೆ ಚಾಚಿ ಸುತ್ತುವವರು ಸಿಗುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ದೀಡ ನಮಸ್ಕಾರ ಹಾಕುವವರನ್ನು ಕಂಡವರೇ ನಾವೆಲ್ಲ. ದೀಡ ನಮಸ್ಕಾರ ಹಾಕುತ್ತಿರುವ ನಿಮ್ಮ ತಾಯಿಯ ಮುಖದ ಮುಂದೆ ಅಪರಿಚಿತನೊಬ್ಬ ಮೊಬೈಲು ಹಿಡಿದರೆ ನಿಮಗೆ ಏನನಿಸುತ್ತದೋ ಅದೇ ಅವರಿಗೂ ಅನಿಸುತ್ತದೆ. ಅವರ ಎದುರಿನ ದಾರಿಗೆ ಅಡ್ಡ ನಿಲ್ಲಬಾರದು, ಅವರ ಬದಿಯಿಂದ ಸರಿದು ಹೋಗಬೇಕು. ಮಂತ್ರ ಕೆತ್ತಿದ ಮಣಿ ಕಲ್ಲುಗಳ ರಾಶಿಯ ಮೇಲೆ ಕುಳಿತು ದಣಿವಾರಿಸಿಕೊಳ್ಳುವುದು, ಚೆಂದದ ಕಲ್ಲೊಂದನ್ನು ಮನೆಗೆಂದು ಚೀಲಕ್ಕೆ ಹಾಕಿಕೊಳ್ಳುವುದು, ನೆಲಕ್ಕೆ ಜೋತುಬಿದ್ದ ಪ್ರಾರ್ಥನಾ ಧ್ವಜಗಳನ್ನು ದಾಟಿ ನಡೆಯುವುದು, ಇವೆಲ್ಲ ನನ್ನ ಕಣ್ಣೆದುರೇ ನಡೆದವು.

ಗೋಂಪಾಗಳ, ಅಂದರೆ ಬೌದ್ಧ ಮಠಗಳ ಒಳಗಿನ ನಡವಳಿಕೆಯಲ್ಲಿ ಒಂದು ಸಂಗತಿ ನಮ್ಮನ್ನು ಗೊಂದಲಕ್ಕೆ ಕೆಡವುತ್ತದೆ. ಬೈಲುಕುಪ್ಪೆಯ ಸ್ವರ್ಣ ಮಂದಿರದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಭ್ಯಾಸವಾದ ನಾವು ಅಲ್ಲಿಯೂ ಬೂಟು ಬಿಚ್ಚಲು ಕುಳಿತುಬಿಡುತ್ತೇವೆ. ಟಿಬೆಟ್ಟಿನ ಚಳಿಯಲ್ಲಿ ಸಾಮಾನ್ಯವಾಗಿ ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಾರೆ; ತೆಗೆಯಬೇಕಾದದ್ದು ಟೋಪಿ. ಹೊಸ್ತಿಲನ್ನು ತುಳಿಯದೆ ದಾಟಬೇಕು ಎಂಬುದು ಮಾತ್ರ ನಮ್ಮಂತೆಯೇ. ವಿಗ್ರಹದ ಕಡೆಗೂ ಭಿಕ್ಷುಗಳ ಕಡೆಗೂ ಕಾಲು ಚಾಚಿ ಕೂರಬಾರದು, ತಲೆ ಮುಟ್ಟಬಾರದು, ಮಕ್ಕಳ ತಲೆಯನ್ನು ಕೂಡ. ಪಠಣ ನಡೆಯುತ್ತಿರುವಾಗ ನಾವು ನಮ್ಮ ಭಜನೆ ಆರಂಭಿಸುವುದು ಭಕ್ತಿಯಲ್ಲ. ಕೆಲವು ಮಠಗಳಲ್ಲಿ ರಕ್ಷಕ ದೇವತೆಯ ಗುಡಿಯೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಅಲ್ಲಿ ಮದ್ಯವನ್ನೂ ದೇವತೆಗೆ ಇಟ್ಟಿರುತ್ತಾರೆ. ನಾನು ಲಿಂಗವಂತರ ಮನೆಯವಳು, ನೋಡಿ ಸುಮ್ಮನೆ ಹೊರಗೆ ಬಂದೆ. ಮೂಗು ಮುಚ್ಚಿಕೊಳ್ಳುವ ಅಗತ್ಯ ಕಾಣಲಿಲ್ಲ.

ಬೆಣ್ಣೆಯ ಚಹಾ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ಒಂದೆರಡು ಗುಟುಕು ಕುಡಿಯಿರಿ. ಬಟ್ಟಲು ಖಾಲಿಯಾದೊಡನೆ ಮತ್ತೆ ತುಂಬುತ್ತಾರೆ, ಆದ್ದರಿಂದ ಸಾಕೆನಿಸಿದವರು ತುಂಬಿದ ಬಟ್ಟಲನ್ನು ಹಾಗೆಯೇ ಬಿಟ್ಟು ಹೊರಡುವಾಗ ಸ್ವಲ್ಪ ಕುಡಿದು ಏಳಬೇಕು. ಉಪ್ಪು, ಬೆಣ್ಣೆ ಸೇರಿದ ಅದನ್ನು ಚಹಾ ಎಂದುಕೊಂಡರೆ ಗಂಟಲಿಗೆ ಇಳಿಯುವುದಿಲ್ಲ. ಸಾರು ಎಂದುಕೊಂಡರೆ ಇಳಿಯುತ್ತದೆ.

ಶಿವಮೊಗ್ಗದ ಭಕ್ತ:

ನಾನು 2018ರ ಜುಲೈನಲ್ಲಿ ಪಶ್ಚಿಮ ನೇಪಾಳದ ಹಿಲ್ಸಾ ಮಾರ್ಗವಾಗಿ ಹೋಗಿ, ಹಿಂದಿರುಗುವಾಗ ಹವಾಮಾನ ಕೆಟ್ಟು ಸಿಮಿಕೋಟ್, ಹಿಲ್ಸಾ ಮತ್ತು ಗಡಿಯಾಚೆಯ ಟಿಬೆಟ್ಟಿನಲ್ಲಿ ಸಿಕ್ಕಿಹಾಕಿಕೊಂಡ ಸುಮಾರು 1,500 ಭಾರತೀಯರಲ್ಲಿ ಒಬ್ಬ. ನಮ್ಮ ರಾಜ್ಯದವರೇ ಬಹಳ ಮಂದಿ ಇದ್ದೆವು. ಮೋಡ ಕವಿದರೆ ಚಿಕ್ಕ ವಿಮಾನವೂ ಇಲ್ಲ, ಹೆಲಿಕಾಪ್ಟರೂ ಇಲ್ಲ. ಒಂದು ಕೋಣೆಯಲ್ಲಿ ಹದಿನಾರು ಜನ, ಮಾತ್ರೆ ಮುಗಿದ ವೃದ್ಧರು. ಕೈಚೀಲದಲ್ಲಿ ಒಂದು ವಾರಕ್ಕೆ ಹೆಚ್ಚುವರಿ ಔಷಧಿ ಇರಲಿ ಎಂಬುದೊಂದೇ ನನ್ನ ಬುದ್ಧಿಮಾತು. ಮಳೆಗಾಲದಲ್ಲಿ ಯಾವ ದಾರಿಯೂ ನಂಬಿಗಸ್ತವಲ್ಲ. 1998ರ ಆಗಸ್ಟ್ 18ರಂದು ಲಿಪುಲೇಖ್ ದಾರಿಯ ಮಾಲ್ಪಾದಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಹೆಸರಘಟ್ಟದ ನೃತ್ಯಗ್ರಾಮ ಕಟ್ಟಿದ ಪ್ರೋತಿಮಾ ಬೇಡಿ ಅವರೂ ಆ ರಾತ್ರಿಯೇ ಹೋದರು. ಕಳೆದ ವರ್ಷ, 2025ರ ಜುಲೈ 8ರ ಪ್ರವಾಹದಲ್ಲಿ ನೀವು ಹೋಗುವ ಕೆರುಂಗ್ ದಾರಿಯ ರಸುವಾಗಢಿ ಸೇತುವೆಯೇ ಕೊಚ್ಚಿಹೋಯಿತು. ಈಗ ಯಾವ ಮಾರ್ಗ, ಎಲ್ಲಿ ಇಳಿದು ನಡೆಯಬೇಕು ಎಂಬುದನ್ನು ಸಂಸ್ಥೆಯವರಿಂದ ಬರಹದಲ್ಲಿ ಪಡೆಯಿರಿ.

ಆದರೆ ಶಿಕ್ಷಕಿಯವರ ಕೆಲವು ಮಾತುಗಳು ನನಗೆ ಹಿತವಾಗಲಿಲ್ಲ. ಸರೋವರದಲ್ಲಿ ಮುಳುಗಿ ಸ್ನಾನ ಮಾಡಲು ಈಗ ಬಿಡುವುದಿಲ್ಲ, ಬಕೆಟ್ಟಿನಲ್ಲಿ ನೀರು ತಂದು ದೂರದಲ್ಲಿ ಹುಯ್ದುಕೊಳ್ಳಬೇಕು. ಕರ್ಪೂರ ಹಚ್ಚಿದರೂ, ಹೋಮ ಮಾಡಿದರೂ ತಕರಾರು. ನಮ್ಮ ಶಿವನ ಜಾಗದಲ್ಲಿ ನಮ್ಮ ಪೂಜೆಗೆ ಅಡ್ಡಿಯಾದರೆ ಅದನ್ನೂ ಸಂಸ್ಕೃತಿ ಎಂದು ಒಪ್ಪಿಕೊಳ್ಳಬೇಕೇ?

ಧಾರವಾಡದ ನಿವೃತ್ತ ಶಿಕ್ಷಕಿ:

ನಿಮ್ಮ ನೋವನ್ನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ನಮ್ಮ ತಂಡ ತಂಗಿದ್ದ ದಡದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ: ಸಾಬೂನಿನ ಹಾಳೆ, ಶಾಂಪೂ ಪೊಟ್ಟಣ, ಅರ್ಧ ಸುಟ್ಟ ಕಟ್ಟಿಗೆ, ದೇವರ ಪಟದ ಗಾಜು, ನೀರಿನಲ್ಲಿ ತೇಲುತ್ತಿದ್ದ ಪಂಚೆ. ಅವು ಯಾವ ಭಾಷೆಯ ಪೊಟ್ಟಣಗಳೆಂದು ಓದಲು ಕಷ್ಟವಿರಲಿಲ್ಲ. ಆ ಸರೋವರ ಅವರಿಗೆ ಮಾಫಮ್ ಯುಮ್ತ್ಸೊ. ಆ ದಡದ ಕುರಿಗಾಹಿಗಳಿಗೆ ಅದರ ನೀರಿನಲ್ಲಿ ಮೈ ತೊಳೆಯುವ ರೂಢಿಯಿಲ್ಲ, ತಲೆಗೆ ಪ್ರೋಕ್ಷಿಸಿಕೊಂಡು ಕುಡಿಯುತ್ತಾರೆ. ಸ್ನಾನಕ್ಕೆ ತಡೆ ಹಾಕಿದವರು ಅಧಿಕಾರಿಗಳಿರಬಹುದು, ತಡೆಯಿಂದ ದಡ ಸ್ವಚ್ಛವಾಗಿದ್ದರೆ ನನಗೆ ಸಂತೋಷವೇ. ಡ್ರೋಲ್ಮಾ ಕಣಿವೆಯ ಮೊದಲು ಬರುವ ಶಿವಾತ್ಸಲ್ ಎಂಬಲ್ಲಿ ಬೌದ್ಧ ಯಾತ್ರಿಕರು ತಮ್ಮ ಬಟ್ಟೆಯ ತುಂಡು, ಒಂದೆಳೆ ಕೂದಲು ಬಿಟ್ಟು, ಸಾವನ್ನು ಬದುಕಿರುವಾಗಲೇ ಒಮ್ಮೆ ನೆನೆದು ಮುಂದೆ ನಡೆಯುತ್ತಾರೆ. ಅದನ್ನು ನೋಡಿ ನಮ್ಮವರು ಚೀಲದ ಭಾರ ಕಡಿಮೆಯಾಗಲೆಂದು ಹಳೆಯ ಸ್ವೆಟರು, ಪ್ಲಾಸ್ಟಿಕ್ ಮಳೆಯಂಗಿ ಎಸೆದು ಹೋಗುತ್ತಾರೆ.

ಪರಿಕ್ರಮದ ಆರಂಭದಲ್ಲಿ ಸಿಗುವ ತಾರ್ಬೋಚೆಯ ಮೇಲಿನ ಬಂಡೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಶವವನ್ನು ಹದ್ದುಗಳಿಗೆ ಅರ್ಪಿಸುವ ಸಂಸ್ಕಾರ ನಡೆಯುತ್ತದೆ. ಹೊರಗಿನವರು ಅದನ್ನು ನೋಡುವುದಕ್ಕೂ ಚಿತ್ರ ತೆಗೆಯುವುದಕ್ಕೂ ನಿಷೇಧವಿದೆ. ನಿಷೇಧವಿಲ್ಲದಿದ್ದರೂ ಬೇರೊಬ್ಬರ ಮನೆಯ ಸಾವಿಗೆ ಕರೆಯದೆ ಹೋಗಿ ಮೊಬೈಲು ಎತ್ತುವ ಪದ್ಧತಿ ನಮ್ಮಲ್ಲಿಯೂ ಇಲ್ಲ.

ಮಂಗಳೂರಿನ ವೈದ್ಯ:

ಸ್ನಾನದ ಪ್ರಸ್ತಾಪ ಬಂದದ್ದರಿಂದ ಎರಡು ಮಾತು. ಸುಮಾರು 4,590 ಮೀಟರ್ ಎತ್ತರದಲ್ಲಿ, ಗಾಳಿಗೆ ಮೈಯೊಡ್ಡಿ, ಆ ನೀರನ್ನು ಮೂರು ಬಕೆಟ್ ಹುಯ್ದುಕೊಂಡರೂ ದೇಹದ ಬಿಸಿ ಬೇಗನೆ ಇಳಿಯುತ್ತದೆ. ವಯಸ್ಸಾದವರಿಗೆ ಪ್ರೋಕ್ಷಣೆ ಸಾಕು. ಎರಡನೆಯದು, ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಮೂಸುವುದರಿಂದ ಆಮ್ಲಜನಕ ಹೆಚ್ಚುವುದಿಲ್ಲ. ಮೂಗು ತಣ್ಣಗಾಗಿ ಉಸಿರು ಸಲೀಸಾದಂತೆ ಭಾಸವಾಗುತ್ತದೆ, ಅಷ್ಟೇ. ಆ ಭಾಸವೇ ಅಪಾಯ, ಏಕೆಂದರೆ ಇಳಿಯಬೇಕಾದವರು ಇಳಿಯದೆ ಕೂರುತ್ತಾರೆ. ಏಕಾದಶಿ, ಪ್ರದೋಷದ ಉಪವಾಸಗಳನ್ನು ಪರಿಕ್ರಮದ ದಿನಗಳಲ್ಲಿ ಮಾಡಬೇಡಿ; ಸಕ್ಕರೆ ಕಾಯಿಲೆಯವರಂತೂ ಮಾಡಲೇಬಾರದು. ಅಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ, ಅರೆಬೆಂದ ಅನ್ನ ಹೊಟ್ಟೆ ಕೆಡಿಸುತ್ತದೆ. ಅವಲಕ್ಕಿ, ಹುರಿಹಿಟ್ಟು ಒಯ್ಯಿರಿ. ಅವರ ತ್ಸಾಂಪಾ ಕೂಡ ಹುರಿದ ಬಾರ್ಲಿಯ ಹಿಟ್ಟೇ, ನಮ್ಮ ಹುರಿಹಿಟ್ಟು ತಿಂದವರಿಗೆ ಅಪರಿಚಿತವೆನಿಸುವುದಿಲ್ಲ.

ಕಾಯಿಲೆಯನ್ನು ಮುಚ್ಚಿಡುವುದರ ಬಗ್ಗೆ ಮುಂಡಗೋಡಿನವರು ಪೊಟ್ಟಣಕ್ಕೆ ಹೇಳಿದ್ದನ್ನೇ ನಾನೂ ಹೇಳಬೇಕು. 5,600 ಮೀಟರಿನ ಕಣಿವೆಯಲ್ಲಿ ನೀವು ಕುಸಿದರೆ ಬೆನ್ನ ಮೇಲೆ ಹೊತ್ತು ಇಳಿಯುವವನು ಆ ಊರಿನ ಕುದುರೆಯವನು. ಅವನ ದಿನದ ದುಡಿಮೆ, ಅವನ ಸೊಂಟ, ಕೆಲವೊಮ್ಮೆ ಅವನ ಜೀವ ನೀವು ಅರ್ಜಿಯಲ್ಲಿ ಬರೆಯದೆ ಬಿಟ್ಟ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಸಿಂಗಪುರದ ಕನ್ನಡಿಗ:

ಕುದುರೆಯವರ ಮಾತು ಬಂದದ್ದರಿಂದ ಸೇರಿಸುತ್ತೇನೆ. ಪರಿಕ್ರಮಕ್ಕೆ ಕುದುರೆ, ಹೊರೆಯಾಳುಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಯಾರ ಪಾಲಿಗೆ ಯಾರು ಬಂದರೋ ಅವರೇ, ನಾವು ಆರಿಸಿಕೊಳ್ಳುವಂತಿಲ್ಲ. ‘ಆ ಹೆಣ್ಣುಮಗಳು ನನ್ನ ಚೀಲ ಹೊರಲಾರಳು, ಗಂಡಾಳು ಕೊಡಿ’ ಎಂದು ಜಗಳ ತೆಗೆದವರ ಕಥೆ ಕೇಳಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಆಕೆ ಚೀಲದ ಜೊತೆಗೆ ಅವರ ಕೈಯನ್ನೂ ಹಿಡಿದು ನಡೆಸುತ್ತಿದ್ದಳಂತೆ. ಡ್ರೋಲ್ಮಾ ಕಣಿವೆಯಿಂದ ಕೆಳಗಿನ ಇಳಿಜಾರಿನಲ್ಲಿ ಕುದುರೆಯ ಮೇಲೆ ಕೂರಿಸುವುದಿಲ್ಲ, ಎಲ್ಲರೂ ನಡೆಯಲೇಬೇಕು. ಅಲ್ಲಿ ಮಂಡಿ ಕೈಕೊಡುತ್ತದೆ; ಎರಡು ಊರುಗೋಲು ಬೇಕು. ದಾರ್ಚೆನ್‌ನ ಬೀದಿನಾಯಿಗಳಿಗೂ ಅವೇ ಊರುಗೋಲು ಉಪಯೋಗಕ್ಕೆ ಬರುತ್ತವೆ, ರಾತ್ರಿ ಒಬ್ಬರೇ ಹೊರಗೆ ಹೋಗಬೇಡಿ.

ಇನ್ನೊಂದು, ಇದು ಟಿಬೆಟನ್ ಪಂಚಾಂಗದ ಕುದುರೆ ವರ್ಷ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ವರ್ಷದಲ್ಲಿ ಕೈಲಾಸವನ್ನು ಒಂದು ಸಲ ಸುತ್ತಿದರೆ ಹದಿಮೂರು ಸುತ್ತಿನ ಫಲ ಎಂಬ ನಂಬಿಕೆಯಿದೆ. ಅವರ ಪಾಲಿಗೆ ಇದು ಮಹಾಮಸ್ತಕಾಭಿಷೇಕದಂಥ ವರ್ಷ. ಆದ್ದರಿಂದ ವಸತಿಯಲ್ಲಿ ಇಕ್ಕಟ್ಟಾದಾಗ, ಕುದುರೆ ಸಿಗದಾದಾಗ ಗೈಡ್‌ನ ಮೇಲೆ ರೇಗುವ ಮುನ್ನ ನೀವು ಯಾರ ಜಾತ್ರೆಗೆ ಹೋಗಿದ್ದೀರಿ ಎಂಬುದನ್ನು ನೆನಪಿಸಿಕೊಳ್ಳಿ.

ಕುಶಾಲನಗರದ ಓದುಗ:

ಎಲ್ಲರಿಗೂ ಕೃತಜ್ಞತೆಗಳು. ಆದದ್ದನ್ನು ತಿಳಿಸುತ್ತೇನೆ. ಮಾವನವರಿಗೆ ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದೆವು. ಟ್ರೆಡ್‌ಮಿಲ್ ಮೇಲೆ ಆರು ನಿಮಿಷಕ್ಕೆ ವೈದ್ಯರೇ ನಿಲ್ಲಿಸಿದರು. ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ, ನಾಲ್ಕನೆಯ ದಿನ ತಾವಾಗಿಯೇ ಬರುವುದಿಲ್ಲ ಎಂದರು. ಸಂಸ್ಥೆಯವರೊಂದಿಗೆ ವಾದ ಮಾಡಿ ಕೆರುಂಗ್‌ನಲ್ಲಿ ಎರಡು ರಾತ್ರಿ ಇರುವಂತೆ ಕಾರ್ಯಕ್ರಮ ಬದಲಾಯಿಸಿಕೊಂಡೆವು, ತಲೆಗೆ ಇಂತಿಷ್ಟು ಹೆಚ್ಚು ಕೊಟ್ಟೆವು. ನಮ್ಮಲ್ಲಿ ಇಬ್ಬರು ಪರಿಕ್ರಮದ ಮೊದಲ ರಾತ್ರಿ ತಂಗುವ ದಿರಾಪುಕ್‌ವರೆಗೆ ಮಾತ್ರ ಬಂದು, ಅಲ್ಲಿ ಉತ್ತರ ಮುಖದ ದರ್ಶನ ಮಾಡಿ ದಾರ್ಚೆನ್‌ಗೆ ಹಿಂದಿರುಗುವುದೆಂದು ಈಗಲೇ ನಿರ್ಧರಿಸಿದ್ದಾರೆ.

ಪೊಟ್ಟಣವನ್ನು ಹಿಡಿದುಕೊಂಡು ನಿನ್ನೆ ಸಂಜೆ ಶಿಬಿರಕ್ಕೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಅದರ ಅಗತ್ಯ ಬೀಳಲಿಲ್ಲ. ಅಮಾಲಾ ಪೊಟ್ಟಣ ನೋಡಿದೊಡನೆ ಕೈ ಚಾಚಿ ತೆಗೆದುಕೊಂಡು, ತಮ್ಮ ಮೊಮ್ಮಗ ವಿಷಯ ತಿಳಿದು ಬಹಳ ಬೈದನೆಂದೂ, ತಾವೇ ಬಂದು ವಾಪಸು ಕೇಳಬೇಕೆಂದಿದ್ದರೂ ನಾಚಿಕೆಯಾಗಿ ಬರಲಿಲ್ಲವೆಂದೂ ಹೇಳಿದರು. ಕೆಂಪು ದಾರವನ್ನು ಮಾತ್ರ ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿದರು. ಇದನ್ನು ಕಟ್ಟಿಕೊಂಡು ಹೋದರೆ ಗಡಿಯಲ್ಲಿ ಕೇಳುತ್ತಾರೆಯೇ?

ಮುಂಡಗೋಡಿನವ:

ಕೇಳುವುದಿಲ್ಲ. ಅಂಥ ದಾರ ಅಲ್ಲಿ ಎಲ್ಲರ ಕೈಯಲ್ಲೂ ಇರುತ್ತದೆ. ಅಲ್ಲಿ ಯಾರಾದರೂ ಅದನ್ನು ನೋಡಿ ಯಾವ ಗುರುಗಳದು ಎಂದು ಕೇಳಿದರೆ ಮಾತ್ರ ನಕ್ಕು ಸುಮ್ಮನಾಗಿ. ಅಮಾಲಾ ಅವರ ಮೊಮ್ಮಗನಿಗೆ ನನ್ನ ನಮಸ್ಕಾರ ತಿಳಿಸಿ.

ಶಿವಮೊಗ್ಗದ ಭಕ್ತ:

ಹೊರಡುವ ಮುನ್ನ ಕಠ್ಮಂಡುವಿನಲ್ಲಿ ಹತ್ತು, ಇಪ್ಪತ್ತು ಯುವಾನಿನ ಚಿಲ್ಲರೆ ನೋಟುಗಳನ್ನು ಮಾಡಿಸಿಕೊಳ್ಳಿ, ದಾರಿಯಲ್ಲಿ ನೂರರ ನೋಟಿಗೆ ಚಿಲ್ಲರೆ ಸಿಗುವುದಿಲ್ಲ. ಗಡಿಯಾರವನ್ನು ಭಾರತದ ಸಮಯಕ್ಕಿಂತ ಎರಡೂವರೆ ಗಂಟೆ ಮುಂದೆ ಇಡಬೇಕು. ಇಡೀ ಚೀನಾಕ್ಕೆ ಬೀಜಿಂಗ್ ಸಮಯವೊಂದೇ ಆದ್ದರಿಂದ ಬೆಳಗಿನ ಏಳು ಗಂಟೆಗೂ ಅಲ್ಲಿ ನಸುಗತ್ತಲು. ವಾಟ್ಸಾಪ್, ಗೂಗಲ್ ಅಲ್ಲಿಯ ಜಾಲದಲ್ಲಿ ತೆರೆಯುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ. ಸರೋವರದ ನೀರು ತರಲು ಗಟ್ಟಿ ಮುಚ್ಚಳದ ಕ್ಯಾನನ್ನು ಇಲ್ಲಿಂದಲೇ ಒಯ್ಯಿರಿ. ನಿಮ್ಮ ಮಾವನವರಿಗೊಂದು, ಅಮಾಲಾಗೊಂದು.